ಬೆಕ್ಕಿಗೆ ಚೆಲ್ಲಾಟ

ಬೆಕ್ಕಿಗೆ ಚೆಲ್ಲಾಟವಾದದ್ದು ಇಲಿಗೆ ಪ್ರಾಣಸಂಕಟವೆಂಬ ಗಾದೆಯನ್ನು ಕನ್ನಡಿಗರು ರಾಜಕಾರಣದಲ್ಲಿ ಬಳಸುತ್ತಾರೆ, ವ್ಯಾಪಾರದಲ್ಲಿ ಬಳಸುತ್ತಾರೆ. ಶಾಲೆಯ ಅಂಗಳದಲ್ಲಿ ಮಾತ್ರ ಅದನ್ನು ನೆನೆಯುವವರು ವಿರಳ. ವಿರಾಮದ ಗಂಟೆ ಹೊಡೆಯುತ್ತದೆ. ಹುಡುಗರು ಹೋ ಎಂದು ಹೊರಗೆ ನುಗ್ಗುತ್ತಾರೆ. ಒಬ್ಬನ ಪುಸ್ತಕದ ಚೀಲವು ಕೈಯಿಂದ ಕೈಗೆ ಹಾರುತ್ತದೆ. ಅವನು ಒಬ್ಬರ ಬಳಿಯಿಂದ ಇನ್ನೊಬ್ಬರ ಬಳಿಗೆ ಓಡುತ್ತಾನೆ. ಸುತ್ತ ನಿಂತವರು ನಗುತ್ತಾರೆ. ಜಗುಲಿಯ ಮೇಲೆ ಹಾದುಹೋಗುತ್ತಿರುವ ಉಪಾಧ್ಯಾಯರ ಕಿವಿಗೂ ಆ ನಗು ಬೀಳುತ್ತದೆ. ಹುಡುಗರು ಆಡಿಕೊಳ್ಳುತ್ತಿದ್ದಾರೆ ಎಂದುಕೊಂಡು ಅವರು ತಮ್ಮ ದಾರಿ ಹಿಡಿಯುತ್ತಾರೆ. ಆಡಿಕೊಳ್ಳುತ್ತಿರುವುದೇನೋ ನಿಜ, ಒಬ್ಬನನ್ನು ಬಿಟ್ಟು.

ಈ ವ್ಯವಹಾರವನ್ನು ಹೆಸರಿಸಲು ಕನ್ನಡದಲ್ಲಿ ಮಾತುಗಳಿಗೆ ಬರವಿಲ್ಲ. ಕೀಟಲೆ, ಚೇಷ್ಟೆ, ಗೇಲಿ, ಅಣಕ, ಹಂಗಿಸುವುದು, ಚುಡಾಯಿಸುವುದು, ಗೋಳುಹೊಯ್ದುಕೊಳ್ಳುವುದು, ಕಾಟ ಕೊಡುವುದು ಎಂದು ಪಟ್ಟಿ ಬೆಳೆಯುತ್ತದೆ. ಇಷ್ಟೆಲ್ಲವನ್ನೂ ಒಂದೇ ಬುಟ್ಟಿಗೆ ತುಂಬಿ 'ಹುಡುಗಾಟ' ಎಂದು ಚೀಟಿ ಅಂಟಿಸಿಬಿಡುವುದು ಹಿರಿಯರ ರೂಢಿ. ಆದರೆ ಕೀಟಲೆ ಬೇರೆ, ಕಾಟ ಬೇರೆ. ಇಂದು ಕೀಟಲೆ ಮಾಡಿದವನು ನಾಳೆ ತಾನೇ ಕೀಟಲೆಗೆ ಗುರಿಯಾದಾನು; ಅಲ್ಲಿ ಸರದಿಯುಂಟು. ಕಾಟದಲ್ಲಿ ಸರದಿಯೇ ಇಲ್ಲ. ಇಬ್ಬರು ಗೆಳತಿಯರು ಬೆಳಗ್ಗೆ ಟೂ ಬಿಟ್ಟು ಸಂಜೆಯ ಹೊತ್ತಿಗೆ ಒಂದೇ ಪೇರಲಹಣ್ಣನ್ನು ಕಚ್ಚಿ ತಿನ್ನುವುದು ಬಾಲ್ಯದ ಸೊಗಸು. ಇಡೀ ತರಗತಿಯೇ ಒಬ್ಬಳೊಡನೆ ಟೂ ಬಿಟ್ಟು, ದಸರೆಯ ರಜೆ ಮುಗಿದು ಬಂದರೂ ಯಾರೊಬ್ಬರೂ ಅವಳ ಪಕ್ಕದಲ್ಲಿ ಕೂರದಿರುವುದು ಬಾಲ್ಯವೂ ಅಲ್ಲ, ಸೊಗಸೂ ಅಲ್ಲ.

ಈ ಎರಡರ ಅಂತರವನ್ನು ಒಂದು ದೇಶವು ತುಂಬ ಸಂಕಟಪಟ್ಟು ಕಲಿಯಬೇಕಾಯಿತು. 1982ನೆಯ ಇಸವಿಯ ಕೊನೆಯಲ್ಲಿ ನಾರ್ವೆಯ ಪತ್ರಿಕೆಯೊಂದರಲ್ಲಿ ಒಂದು ವರದಿ ಪ್ರಕಟವಾಯಿತು. ಆ ದೇಶದ ಉತ್ತರ ಭಾಗದಲ್ಲಿ 10ರಿಂದ 14 ವರ್ಷ ವಯಸ್ಸಿನ ಮೂವರು ಬಾಲಕರು ತಮ್ಮ ಜೀವವನ್ನು ತಾವೇ ಕಳೆದುಕೊಂಡಿದ್ದರು. ಜೊತೆಯ ಹುಡುಗರ ಕಾಟವೇ ಅದಕ್ಕೆ ಕಾರಣವಾಗಿದ್ದಿರುವ ಸಂಭವ ಹೆಚ್ಚೆಂದು ಆ ವರದಿ ತಿಳಿಸಿತು. ಜನರು ಬೆಚ್ಚಿಬಿದ್ದರು. ಹುಡುಗಾಟವೆಂಬ ಮಾತು ಅಂದಿನಿಂದ ಅಲ್ಲಿ ಯಾರಿಗೂ ಸುಲಭವಾಗಿ ಬಾಯಿಗೆ ಬಾರದಾಯಿತು. ಮರುವರ್ಷ, 1983ರ ಶರತ್ಕಾಲದಲ್ಲಿ, ನಾರ್ವೆಯ ಶಿಕ್ಷಣ ಇಲಾಖೆಯು ದೇಶದ ಶಾಲೆಗಳಲ್ಲೆಲ್ಲ ಈ ಪಿಡುಗಿನ ವಿರುದ್ಧ ಒಂದು ಚಳವಳಿಯನ್ನೇ ಹೂಡಿತು. ಒಂದು ಸರ್ಕಾರವು ಈ ಕೆಲಸಕ್ಕೆ ಇಷ್ಟು ವಿಸ್ತಾರವಾಗಿ ಕೈಹಾಕಿದ್ದು ಅಪೂರ್ವವಾಗಿತ್ತು.

ಆ ಚಳವಳಿಗೆ ಬೇಕಾದ ತಿಳಿವಳಿಕೆಯನ್ನು ಒದಗಿಸಲು ಒಬ್ಬ ವಿದ್ವಾಂಸರು ಆಗಲೇ ಸಿದ್ಧವಾಗಿದ್ದರು. ಅವರು ಬೆರ್ಗೆನ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್. 1931ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿ 2020ರಲ್ಲಿ ತೀರಿಕೊಂಡ ಇವರು 1970ರ ದಶಕದ ಆರಂಭದಲ್ಲಿಯೇ ಶಾಲೆಗಳಿಗೆ ಹೋಗಿ, ಹುಡುಗರನ್ನು ಕಂಡು, ಲೆಕ್ಕ ಹಾಕಿ, 1973ರಲ್ಲಿ ಈ ವಿಷಯವಾಗಿ ಒಂದು ಗ್ರಂಥವನ್ನೇ ಪ್ರಕಟಿಸಿದ್ದರು. ಅದುವರೆಗೆ ಇದು ಕಾದಂಬರಿಕಾರರ ವಸ್ತುವಾಗಿತ್ತೇ ಹೊರತು ಶಾಸ್ತ್ರದ ವಸ್ತುವಾಗಿರಲಿಲ್ಲ. ಇಂಗ್ಲೆಂಡಿನ ಥಾಮಸ್ ಹ್ಯೂಸ್ 1857ರಷ್ಟು ಹಿಂದೆಯೇ ರಗ್ಬಿ ಶಾಲೆಯ ಹುಡುಗರ ಕಥೆಯಲ್ಲಿ ಇಂಥ ಪೀಡಕನೊಬ್ಬನನ್ನು ಚಿತ್ರಿಸಿದ್ದನು. ಕಥೆಯನ್ನು ಓದಿ ಜನ ಮೆಚ್ಚಿದರು. ಎಷ್ಟು ಶಾಲೆಗಳಲ್ಲಿ ಎಷ್ಟು ಮಕ್ಕಳು ಹೀಗೆ ಬಳಲುತ್ತಾರೆಂದು ಎಣಿಸಲು ಹೊರಟವರು ಮಾತ್ರ ಇರಲಿಲ್ಲ.

ಇಲ್ಲಿ ಒಂದು ಶಬ್ದದ ಕಥೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನಾರ್ವೆ, ಸ್ವೀಡನ್ ಮೊದಲಾದ ದೇಶಗಳಲ್ಲಿ ಈ ಕಾಟಕ್ಕೆ 'ಮಾಬಿಂಗ್' ಎಂದು ಹೆಸರು. ಅದನ್ನು ಈ ಅರ್ಥದಲ್ಲಿ ಬಳಕೆಗೆ ತಂದವರು ಸ್ವೀಡನ್ನಿನ ವೈದ್ಯರಾದ ಪೀಟರ್-ಪಾಲ್ ಹೈನೆಮನ್, ಕಾಲ 1969. ಶಬ್ದವು ಬಂದದ್ದು ಪಕ್ಷಿಗಳ ಲೋಕದಿಂದ. ಹಗಲು ಹೊತ್ತಿನಲ್ಲಿ ಗೂಬೆಯೊಂದು ಪೊಟರೆಯಿಂದ ಹೊರಬಿದ್ದರೆ ಸುತ್ತಮುತ್ತಲ ಕಾಗೆಗಳೆಲ್ಲ ನೆರೆದು, ಕಿರುಚಿ, ಕುಕ್ಕಿ, ಅದನ್ನು ಓಡಿಸುವುದನ್ನು ಹಳ್ಳಿಯವರು ನೋಡದೆ ಇಲ್ಲ. ಪಂಚತಂತ್ರದ ಕಾಲದಿಂದಲೂ ಪ್ರಸಿದ್ಧವಾದ ಹಗೆ ಅದು. ಪ್ರಾಣಿಗಳ ನಡವಳಿಕೆಯನ್ನು ಅಭ್ಯಾಸ ಮಾಡಿದ ಕಾನ್ರಾಡ್ ಲೊರೆಂಟ್ಸ್ ವಿವರಿಸಿದ ಈ ಮುತ್ತಿಗೆಯ ಹೆಸರನ್ನೇ ಹೈನೆಮನ್ ಶಾಲೆಗೆ ಒಯ್ದರು.

ಓಲ್ವೇಯಸ್ ಅವರಿಗೆ ಈ ಶಬ್ದವು ಅಷ್ಟಾಗಿ ಹಿಡಿಸಲಿಲ್ಲ. ಅವರ ಆಕ್ಷೇಪಣೆಯು ವಿಚಾರಯೋಗ್ಯವಾದುದು. ಗುಂಪು ಎಂದೊಡನೆ ಎಲ್ಲರೂ ಸಮಾನವಾಗಿ ಕೆಟ್ಟವರಾಗುತ್ತಾರೆ, ಆಮೇಲೆ ಯಾವನೊಬ್ಬನೂ ಹೊಣೆಗಾರನಾಗುವುದಿಲ್ಲ. ವಾಸ್ತವದಲ್ಲಿ ಕಾಟ ಕೊಡುವವರು ಇಬ್ಬರು ಮೂವರು, ಎಷ್ಟೋ ಸಲ ಒಬ್ಬನೇ. ತರಗತಿಯ ಉಳಿದ ಮೂವತ್ತು ಮಂದಿ ಕಾಗೆಗಳಲ್ಲ. ಕೊಂಬೆಯ ಮೇಲೆ ಕುಳಿತು ನೋಡುವ ಬೇರೆ ಹಕ್ಕಿಗಳು. ಅವರ ವಿಚಾರವು ಮುಂದೆ ಬರುತ್ತದೆ.

ಕಾಟವೆಂದರೆ ಯಾವುದು ಎಂಬುದಕ್ಕೆ ಓಲ್ವೇಯಸ್ ಮೂರು ಲಕ್ಷಣಗಳನ್ನು ಗೊತ್ತುಮಾಡಿದರು. ಬೇಕೆಂದೇ ನೋಯಿಸುವುದು ಒಂದು. ಮೇಲಿಂದ ಮೇಲೆ ನೋಯಿಸುವುದು ಎರಡು. ನೋಯಿಸುವವನಿಗೂ ನೋಯುವವನಿಗೂ ಬಲದಲ್ಲಿ ಸಾಟಿಯಿಲ್ಲದಿರುವುದು ಮೂರು. ಬಲವೆಂದರೆ ತೋಳಿನ ಬಲವೇ ಆಗಬೇಕಿಲ್ಲ. ಮಾತಿನ ಬಲ, ಸಂಗಡಿಗರ ಬಲ, ತಂದೆಯ ಹಣದ ಬಲ, ಯಾವುದಾದರೂ ಆದೀತು. ಸಮಬಲರಾದ ಇಬ್ಬರು ಗುದ್ದಾಡಿಕೊಂಡರೆ ಅದು ಜಗಳ. ಉಪಾಧ್ಯಾಯರು ಇಬ್ಬರನ್ನೂ ಗದರಿಸಿ ಕಳಿಸಿದರೆ ನ್ಯಾಯ ಸಂದಂತಾಯಿತು. ಸಾಟಿಯಿಲ್ಲದ ಕಡೆ ಇಬ್ಬರನ್ನೂ ಸಮವಾಗಿ ಗದರಿಸುವುದು ನ್ಯಾಯದ ವೇಷ ತೊಟ್ಟ ಅನ್ಯಾಯ. 'ಅವನು ಒಂದು ಕೊಟ್ಟರೆ ನೀನು ಎರಡು ಕೊಟ್ಟು ಬಾ' ಎಂದು ಮನೆಯಲ್ಲಿ ತಂದೆ ಹೇಳುವ ಬುದ್ಧಿವಾದವು ಏಕೆ ಕೆಲಸಕ್ಕೆ ಬಾರದು ಎಂಬುದೂ ಇದರಿಂದಲೇ ತಿಳಿಯುತ್ತದೆ. ಎರಡು ಕೊಡುವ ಶಕ್ತಿಯಿದ್ದಿದ್ದರೆ ಆ ಮಗುವಿಗೆ ಒಂದು ಬೀಳುತ್ತಲೇ ಇರಲಿಲ್ಲ.

1983ರ ಚಳವಳಿಯ ಮೊದಲ ಕೆಲಸವೇ ಎಣಿಕೆ. 700ಕ್ಕೂ ಹೆಚ್ಚು ಶಾಲೆಗಳ ಸುಮಾರು 1,30,000 ವಿದ್ಯಾರ್ಥಿಗಳಿಗೆ, ಹೆಸರು ಬರೆಯಬೇಕಾಗಿಲ್ಲದ ಒಂದು ಪ್ರಶ್ನಪತ್ರಿಕೆಯನ್ನು ಕೊಟ್ಟು ಉತ್ತರ ಪಡೆಯಲಾಯಿತು. ಹೆಸರಿಲ್ಲದ ಕಾಗದದ ಮೇಲೆ ಮಕ್ಕಳು ನಿಜವನ್ನು ಬರೆದರು. ಏಳು ಮಕ್ಕಳಲ್ಲಿ ಒಬ್ಬರಂತೆ ಈ ಕಾಟದಲ್ಲಿ ಕೊಟ್ಟವರಾಗಿಯೋ ಪಟ್ಟವರಾಗಿಯೋ ಸಿಕ್ಕಿಕೊಂಡಿದ್ದರು. ನೂರಕ್ಕೆ 9 ಮಂದಿ ಪಟ್ಟವರು, 7 ಮಂದಿ ಕೊಟ್ಟವರು. ಅಲ್ಲಿ ಪಟ್ಟು ಇಲ್ಲಿ ಕೊಡುತ್ತಿದ್ದ ಕೆಲವರು ಎರಡು ಲೆಕ್ಕದಲ್ಲಿಯೂ ಸೇರಿದ್ದರು.

ಎಣಿಕೆಗಿಂತಲೂ ಸ್ವಾರಸ್ಯವಾದುದು ಓಲ್ವೇಯಸ್ ಅವರ ಪರಿಶೀಲನೆಗಳಿಂದ ಮುರಿದುಬಿದ್ದ ನಂಬಿಕೆಗಳ ರಾಶಿ. ತರಗತಿ ದೊಡ್ಡದಾದಷ್ಟೂ ಕಾಟ ಹೆಚ್ಚೆಂದು ಎಲ್ಲರೂ ತಿಳಿದಿದ್ದರು. ದೊಡ್ಡ ತರಗತಿ, ಚಿಕ್ಕ ತರಗತಿ, ಪಟ್ಟಣದ ಶಾಲೆ, ಹಳ್ಳಿಯ ಶಾಲೆ ಎಂಬ ಭೇದದಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ. ಅಂಕಗಳ ಪೈಪೋಟಿಯೂ ಪರೀಕ್ಷೆಯಲ್ಲಿ ಸೋತ ಹೊಟ್ಟೆಕಿಚ್ಚೂ ಕಾರಣವೆಂಬುದಕ್ಕೆ ಆಧಾರ ಸಿಕ್ಕಲಿಲ್ಲ. ಶಾಲೆಗೆ ಹೋಗಿಬರುವ ದಾರಿಯಲ್ಲಿ ನಡೆಯುವುದಕ್ಕೆ ಶಾಲೆಯೇನು ಮಾಡೀತು ಎಂದು ಕೈ ತೊಳೆದುಕೊಳ್ಳುವಂತೆಯೂ ಇರಲಿಲ್ಲ. ದಾರಿಗಿಂತ ಶಾಲೆಯ ಆವರಣದೊಳಗೇ ಕಾಟವು ಹೆಚ್ಚಾಗಿತ್ತು.

ಪೀಡಕನು ಮೇಲೆ ಒರಟನಾಗಿ ಕಂಡರೂ ಒಳಗೆ ಅಂಜುಬುರುಕನೆಂಬ ಒಂದು ಮಾತು ಎಲ್ಲ ದೇಶಗಳಲ್ಲಿಯೂ ಚಲಾವಣೆಯಲ್ಲಿದೆ. ಕೇಳಲು ಹಿತವಾದ ಮಾತು. ಪರೀಕ್ಷಿಸಿ ನೋಡಿದಾಗ ಅದೂ ನಿಲ್ಲಲಿಲ್ಲ. ಕಾಟ ಕೊಡುವ ಹುಡುಗರಲ್ಲಿ ಹೆಚ್ಚಿನವರ ಅಂಜಿಕೆ ಸಾಮಾನ್ಯ ಹುಡುಗರಷ್ಟೇ ಅಥವಾ ಅದಕ್ಕಿಂತ ಕಡಿಮೆ. ತಾನು ಮೇಲಿರಬೇಕು, ಇತರರು ತಗ್ಗಿ ನಡೆಯಬೇಕು ಎಂಬ ಬಯಕೆ, ಅದರಿಂದ ಸಿಗುವ ತಿಂಡಿ ಕಾಸು, ನೋಡುವವರ ಮೆಚ್ಚುಗೆ: ಇವೇ ಅವರನ್ನು ನಡೆಸುತ್ತಿದ್ದವು. ಮನೆಯಲ್ಲಿ ಸಣ್ಣಂದಿನಲ್ಲಿ ಅಕ್ಕರೆ ಸಾಲದೆ ಹೋದದ್ದು, ಒಡಹುಟ್ಟಿದವರನ್ನು ಹೊಡೆದಾಗ ತಡೆಯುವವರಿಲ್ಲದೆ ಹೋದದ್ದು, ತಂದೆತಾಯಿಗಳೇ ಹೊಡೆತದಿಂದ ಬುದ್ಧಿ ಕಲಿಸಹೊರಟದ್ದು, ಈ ಮೂರೂ ಅಂಥ ಹುಡುಗರ ಹಿಂದೆ ಮತ್ತೆ ಮತ್ತೆ ಕಾಣಿಸಿದವು. ಬೆತ್ತದಿಂದ ಪೀಡಕನನ್ನು ತಿದ್ದಹೊರಡುವ ಉಪಾಧ್ಯಾಯರು ಈ ಕಡೆಯ ಅಂಶವನ್ನು ಗಮನಿಸಬೇಕು. ಬಲವಿದ್ದವನು ಹೊಡೆಯಬಹುದೆಂಬುದು ಆ ಹುಡುಗನಿಗೆ ಆಗಲೇ ಬಾಯಿಪಾಠವಾಗಿರುವ ಪಾಠ.

ಇನ್ನೊಂದು ನಂಬಿಕೆಯ ವಿಷಯದಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ದಪ್ಪಗಿರುವವನು, ಕನ್ನಡಕ ಹಾಕಿದವನು, ಕೂದಲು ಕೆಂಪಾಗಿರುವವನು, ಮಾತು ತೊದಲುವವನು, ಇಂಥವರೇ ಕಾಟಕ್ಕೆ ಗುರಿಯಾಗುತ್ತಾರೆಂದು ನಾರ್ವೆಯವರೂ ತಿಳಿದಿದ್ದರು. ಓಲ್ವೇಯಸ್ ಕಂಡದ್ದು ಬೇರೆ. ಕನ್ನಡಕವು ಕಾರಣವಲ್ಲ, ನೆಪ. ಮೊದಲು ಸುಲಭವಾಗಿ ಬೆದರುವ, ಜೊತೆಗಾರರಿಲ್ಲದ ಒಬ್ಬನನ್ನು ಆರಿಸಿಕೊಳ್ಳುತ್ತಾರೆ. ಆಮೇಲೆ ಅವನಲ್ಲಿ ಹಂಗಿಸುವುದಕ್ಕೆ ಏನಿದೆಯೆಂದು ಹುಡುಕುತ್ತಾರೆ. ಹುಡುಕಿದರೆ ಯಾರಲ್ಲಿ ಏನು ಸಿಕ್ಕದು? ನಾರ್ವೆಯಂಥ ದೇಶಕ್ಕೆ ಈ ಮಾತು ಒಪ್ಪುತ್ತದೆ. ಭಾರತಕ್ಕೆ ಇದನ್ನು ಹಾಗೆಯೇ ಹೊಂದಿಸಲು ಬಾರದು. ಇಲ್ಲಿ ಒಂದು ಮಗುವಿನ ಜಾತಿಯ ಹೆಸರೇ ಅಡ್ಡಹೆಸರಾಗುವುದುಂಟು. ತಂದೆಯ ಕಸುಬು, ಮೈಬಣ್ಣ, ವಿದ್ಯಾರ್ಥಿನಿಲಯದ ಊಟ, ಇಂಗ್ಲಿಷಿನ ಉಚ್ಚಾರಣೆ, ಇವೆಲ್ಲ ಹಂಗಿಸುವ ಸಾಮಗ್ರಿಯಾಗುವುದುಂಟು. ಇವು ತರಗತಿಯಲ್ಲಿ ಹುಟ್ಟಿದ ನೆಪಗಳಲ್ಲ, ಬೀದಿಯಲ್ಲಿಯೂ ಮನೆಯ ಜಗುಲಿಯಲ್ಲಿಯೂ ಹಿರಿಯರ ಬಾಯಿಂದ ಮಕ್ಕಳು ಕೇಳಿ ಕಲಿತು ತಂದವು. ಬಲದ ಅಂತರವನ್ನು ಊರೇ ಸಿದ್ಧಮಾಡಿ ಕಳಿಸಿರುವಾಗ 'ನೀನು ಸ್ವಲ್ಪ ಧೈರ್ಯ ತಂದುಕೋ' ಎಂದು ಆ ಮಗುವಿಗೆ ಹೇಳುವುದು ನಿಷ್ಕರುಣೆಯ ಮಾತಾಗುತ್ತದೆ.

ಈಗ ಕೊಂಬೆಯ ಮೇಲಣ ಹಕ್ಕಿಗಳ ಕಡೆಗೆ ಬರಬಹುದು. ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾನಿಲಯದ ಕ್ರಿಸ್ಟಿನಾ ಸಾಲ್ಮಿವಾಲ್ಲಿ ಮತ್ತು ಸಂಗಡಿಗರು 1996ರಲ್ಲಿ ಒಂದು ಮುಖ್ಯ ವಿಷಯವನ್ನು ತೋರಿಸಿಕೊಟ್ಟರು. ಕಾಟವೆಂಬ ನಾಟಕದಲ್ಲಿ ಪಾತ್ರಗಳು ಎರಡಲ್ಲ, ಆರು. ಕೊಡುವವನು, ಪಡುವವನು ಸರಿಯೇ. ಕೊಡುವವನಿಗೆ ಕೈಜೋಡಿಸಿ ಚೀಲ ಹಿಡಿಯುವವನೊಬ್ಬನಿದ್ದಾನೆ. ತಾನೇನೂ ಮಾಡದೆ ನಕ್ಕು ಹುರಿದುಂಬಿಸುವವನಿದ್ದಾನೆ. ಕಂಡೂ ಕಾಣದಂತೆ ದೂರ ಸರಿಯುವವನಿದ್ದಾನೆ. ಕಡೆಯವನು, ಪಡುವವನ ಪರವಾಗಿ ನಿಲ್ಲುವವನು. ಇವನ ಸಂಖ್ಯೆ ಕಡಿಮೆ. ಕೆನಡಾದ ಟೊರಾಂಟೊ ನಗರದ ಶಾಲೆಗಳಲ್ಲಿ ಸಂಶೋಧಕರು ಆಟದ ಬಯಲಿನ ನೋಟಗಳನ್ನು ಕ್ಯಾಮೆರಾದಲ್ಲಿ ಹಿಡಿದು 2001ರಲ್ಲಿ ಪ್ರಕಟಿಸಿದ ಲೆಕ್ಕವು ಈ ಚಿತ್ರವನ್ನು ಇನ್ನಷ್ಟು ಸ್ಪಷ್ಟಪಡಿಸಿತು. ನೂರರಲ್ಲಿ 88 ಪ್ರಸಂಗಗಳಲ್ಲಿ ಬೇರೆ ಮಕ್ಕಳು ನಿಂತು ನೋಡುತ್ತಿದ್ದರು. ಅವರಲ್ಲಿ ಯಾರಾದರೂ ಅಡ್ಡಬಂದದ್ದು 19ರಲ್ಲಿ ಮಾತ್ರ. ಆದರೆ ಹಾಗೆ ಅಡ್ಡಬಂದ ಸಂದರ್ಭಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಲ ಕಾಟವು ಹತ್ತು ಸೆಕೆಂಡುಗಳೊಳಗೆ ನಿಂತುಹೋಗಿತ್ತು.

ಹತ್ತು ಸೆಕೆಂಡು! ಚೀಲವು ಒಂದು ಕೈಯಿಂದ ಇನ್ನೊಂದು ಕೈಗೆ ನಾಲ್ಕು ಸಲ ಹಾರುವಷ್ಟು ಹೊತ್ತು.

ನೋಡುವವರು ನಕ್ಕರೆ ಏನಾಗುತ್ತದೆ, ಅದರಲ್ಲಿಯೂ ಹಿರಿಯರು ನಕ್ಕರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಒಂದು ದಾರುಣ ಪ್ರಸಂಗವು ಸಾಕ್ಷಿ. ಟೋಕಿಯೋ ನಗರದ ನಕಾನೋ ವಿಭಾಗದ ಮಾಧ್ಯಮಿಕ ಶಾಲೆಯೊಂದರಲ್ಲಿ 1985ರ ನವೆಂಬರ್ ತಿಂಗಳಲ್ಲಿ ಹುಡುಗರು ತಮ್ಮ ಸಹಪಾಠಿಯೊಬ್ಬನು ಸತ್ತನೆಂದು ನಟಿಸಿ, ಅವನ ಮೇಜಿನ ಮೇಲೆ ಹೂವಿಟ್ಟು, ವಿದಾಯದ ಕಾಗದವೊಂದರ ಮೇಲೆ ಎಲ್ಲರ ಸಹಿ ಹಾಕಿಸಿದರು. ಹುಡುಗನು ತರಗತಿಗೆ ಬಂದು ಅದನ್ನು ನೋಡಿದನು. ಸಹಿಗಳ ನಡುವೆ ನಾಲ್ವರು ಉಪಾಧ್ಯಾಯರ ಸಹಿಯೂ ಇತ್ತು. ತಮಾಷೆಯೆಂದು ಹೇಳಿದ್ದರಿಂದ ಅವರು ಬರೆದುಕೊಟ್ಟಿದ್ದರು. 1986ರ ಫೆಬ್ರವರಿಯಲ್ಲಿ ಆ ಬಾಲಕನು ಇನ್ನಿಲ್ಲವಾದನು. ಜಪಾನ್ ದೇಶವೆಲ್ಲ ಇದರಿಂದ ತಲ್ಲಣಿಸಿತು. ಆದರೂ ಅಲ್ಲಿ ಈ ಕುರಿತು ಪ್ರತ್ಯೇಕವಾದ ಒಂದು ಕಾಯಿದೆ ಬರಲು 2013ರವರೆಗೆ ಕಾಯಬೇಕಾಯಿತು. ಆ ಕಾಯಿದೆಯ ವ್ಯಾಖ್ಯೆಯಲ್ಲಿ ಒಂದು ವಿಶೇಷವಿದೆ: ಮಾಡಿದವನ ಉದ್ದೇಶ ಏನೆಂದು ಅದು ಕೇಳುವುದಿಲ್ಲ, ಅನುಭವಿಸಿದ ಮಗುವಿಗೆ ಮೈಗಾಗಲಿ ಮನಸ್ಸಿಗಾಗಲಿ ನೋವಾಯಿತೇ ಎಂದಷ್ಟೇ ಕೇಳುತ್ತದೆ. ತಮಾಷೆಗೆ ಮಾಡಿದೆವು ಎಂಬ ಸಮಾಧಾನಕ್ಕೆ ಅಲ್ಲಿ ಎಡೆಯಿಲ್ಲ.

ಶಾಲೆ ಬಿಟ್ಟಮೇಲೆ ಎಲ್ಲವೂ ಮರೆತುಹೋಗುತ್ತದೆ ಎನ್ನುವವರೂ ಉಂಟು. ಬ್ರಿಟನ್ನಿನಲ್ಲಿ 1958ರ ಒಂದೇ ವಾರದಲ್ಲಿ ಹುಟ್ಟಿದ ಸಾವಿರಾರು ಜನರನ್ನು ಜೀವಮಾನವಿಡೀ ಗಮನಿಸುತ್ತ ಬಂದಿದ್ದಾರೆ. ಏಳು, ಹನ್ನೊಂದು ವರ್ಷಗಳ ವಯಸ್ಸಿನಲ್ಲಿ ಮೇಲಿಂದ ಮೇಲೆ ಕಾಟಕ್ಕೆ ಗುರಿಯಾಗಿದ್ದವರಲ್ಲಿ ಐವತ್ತು ವರ್ಷ ತುಂಬಿದಾಗಲೂ ಖಿನ್ನತೆ ಹೆಚ್ಚಾಗಿತ್ತು, ಆರೋಗ್ಯ ಕುಂದಿತ್ತು ಎಂದು 2014ರಲ್ಲಿ ಪ್ರಕಟವಾದ ವರದಿ ತಿಳಿಸಿತು. ಕಾಟ ಕೊಟ್ಟವರ ಪಾಡೂ ಸುಖವಲ್ಲ. ಆರರಿಂದ ಒಂಬತ್ತನೆಯ ತರಗತಿಯಲ್ಲಿ ಪೀಡಕರೆಂದು ಗುರುತಿಸಿದ ಹುಡುಗರನ್ನು ಓಲ್ವೇಯಸ್ 24 ವರ್ಷ ವಯಸ್ಸಿನವರೆಗೆ ಹಿಂಬಾಲಿಸಿ ನೋಡಿದಾಗ, ನೂರಕ್ಕೆ ಸುಮಾರು 60 ಮಂದಿ ಒಂದು ಸಲವಾದರೂ ನ್ಯಾಯಾಲಯದಿಂದ ಶಿಕ್ಷೆಗೊಳಗಾಗಿದ್ದರು. 'ಗಂಡುಹುಡುಗ, ಸ್ವಲ್ಪ ತುಂಟ' ಎಂದು ಮಗನ ಪರ ವಹಿಸುವ ತಾಯಿತಂದೆಗಳಿಗೆ ಈ ಲೆಕ್ಕವು ರುಚಿಸದು. ಶಾಲೆಯವರು ತಮ್ಮ ಮಗನನ್ನು ತಡೆದದ್ದು ಅವನ ಉಪಕಾರಕ್ಕೇ ಎಂದು ಅವರು ತಿಳಿಯುವುದೊಳ್ಳೆಯದು.

ಹಾಗಾದರೆ ಮಾಡಬೇಕಾದುದೇನು? ಬೆರ್ಗೆನ್ ನಗರದಲ್ಲಿ 1983ರಿಂದ 1985ರವರೆಗೆ 42 ಶಾಲೆಗಳ ಸುಮಾರು 2,500 ಮಕ್ಕಳ ನಡುವೆ ನಡೆದ ಕೆಲಸದಲ್ಲಿ ಮಂತ್ರತಂತ್ರವೇನೂ ಇರಲಿಲ್ಲ. ಎಣಿಕೆ ಮಾಡಿದರು. ಅದರ ಫಲವನ್ನು ಉಪಾಧ್ಯಾಯರ ಸಭೆಯಲ್ಲಿಟ್ಟು ಒಂದು ದಿನವಿಡೀ ಚರ್ಚಿಸಿದರು. ವಿರಾಮದ ವೇಳೆಯಲ್ಲಿ ಅಂಗಳದಲ್ಲಿ ಹಿರಿಯರು ಇರುವಂತೆ ಏರ್ಪಡಿಸಿದರು. ಯಾರಿಗೂ ಕಾಟ ಕೊಡಬಾರದು, ಕಾಟಕ್ಕೊಳಗಾದವರಿಗೆ ನೆರವಾಗಬೇಕು, ಒಂಟಿಯಾದವರನ್ನು ಆಟಕ್ಕೆ ಸೇರಿಸಿಕೊಳ್ಳಬೇಕು ಎಂಬಂಥ ಒಂದೆರಡು ನಿಯಮಗಳನ್ನು ತರಗತಿಯ ಮಕ್ಕಳೊಡನೆ ಕುಳಿತು ಒಪ್ಪಿಸಿಕೊಂಡರು. ಆಗಾಗ ಅದೇ ವಿಚಾರಕ್ಕಾಗಿ ತರಗತಿಯ ಸಭೆ ಸೇರಿಸಿದರು. ಕಾಟ ಕೊಟ್ಟವನನ್ನೂ ಅವನ ತಂದೆತಾಯಿಗಳನ್ನೂ ಕರೆದು ಮುಖಾಮುಖಿ ಮಾತನಾಡಿದರು. ಎಂಟು ತಿಂಗಳ ಬಳಿಕ ಒಮ್ಮೆ, ಇಪ್ಪತ್ತು ತಿಂಗಳ ಬಳಿಕ ಮತ್ತೊಮ್ಮೆ ಎಣಿಸಿದಾಗ ಕಾಟವು ಸುಮಾರು ಅರ್ಧಕ್ಕೆ ಇಳಿದಿತ್ತು. ಶಾಲೆಯಿಂದ ದಾರಿಗೆ ಸಾಗಿಹೋಗಿರಲೂ ಇಲ್ಲ.

ಅದೇ ದೇಶದ ರೋಗಲಾಂಡ್ ಪ್ರಾಂತದ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿನ ಶಾಲೆಗಳಿಗೂ ಅದೇ ಚಳವಳಿಯ ಪುಸ್ತಿಕೆ, ಚಲನಚಿತ್ರಗಳು ಹೋಗಿದ್ದವು. ಬೆರ್ಗೆನ್ನಿನಂತೆ ಸಂಶೋಧಕರು ಹಿಂದೆ ನಿಂತು ನೆರವಾಗಿರಲಿಲ್ಲ. ಮೂರು ವರ್ಷಗಳಾದಮೇಲೆ ಎರ್ಲಿಂಗ್ ರೋಲಾಂಡ್ ಎಂಬ ವಿದ್ವಾಂಸರು ನೋಡಿದಾಗ ಒಟ್ಟಿನಲ್ಲಿ ಕಾಟವು ತಗ್ಗಿರಲಿಲ್ಲ, ಗಂಡುಹುಡುಗರಲ್ಲಿ ತುಸು ಏರಿಯೂ ಇತ್ತು. ಮನಸ್ಸಿಟ್ಟು ದುಡಿದ ಶಾಲೆಗಳಲ್ಲಿ ಮಾತ್ರ ಫಲ ಕಂಡಿತ್ತು. ಸುತ್ತೋಲೆಯನ್ನು ಓದಿ, ಸಹಿ ಹಾಕಿ, ಕಡತಕ್ಕೆ ಸೇರಿಸುವ ಕಲೆಯು ಯಾವ ಒಂದು ದೇಶದ ಸ್ವತ್ತೂ ಅಲ್ಲವೆಂದು ಇದರಿಂದ ತಿಳಿಯುತ್ತದೆ.

ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಇಂಥ ಪ್ರಯತ್ನಗಳು ಎಷ್ಟೋ ನಡೆದವು. ಅಂಥ 44 ಪ್ರಯೋಗಗಳ ಫಲವನ್ನು ಡೇವಿಡ್ ಫ್ಯಾರಿಂಗ್ಟನ್ ಮತ್ತು ಮರಿಯಾ ಟ್ಟೋಫಿ 2009ರಲ್ಲಿ ಒಟ್ಟುಗೂಡಿಸಿ ತೂಗಿ ನೋಡಿದರು. ಸರಾಸರಿಯಲ್ಲಿ ಕಾಟವು ಐದನೆಯ ಒಂದು ಪಾಲಿನಷ್ಟು ಇಳಿಯುತ್ತದೆಯೆಂದು ಕಂಡಿತು. ಬೆರ್ಗೆನ್ನಿನ ಅರ್ಧ ಪಾಲು ಎಲ್ಲ ಕಡೆಯೂ ದೊರೆಯಲಿಲ್ಲ. ತಂದೆತಾಯಿಗಳನ್ನು ಸೇರಿಸಿಕೊಂಡ ಕಡೆ, ಆಟದ ಬಯಲಿನ ಮೇಲ್ವಿಚಾರಣೆ ಬಿಗಿಯಾಗಿದ್ದ ಕಡೆ, ಕೆಲಸವು ಬಹುಕಾಲ ಎಡೆಬಿಡದೆ ನಡೆದ ಕಡೆ ಫಲ ಹೆಚ್ಚು. ಮಕ್ಕಳ ತಂಟೆಯನ್ನು ಮಕ್ಕಳೇ ಪಂಚಾಯಿತಿ ಮಾಡಿ ಬಗೆಹರಿಸಿಕೊಳ್ಳಲಿ ಎಂದು ಬಿಟ್ಟ ಕಡೆ ಫಲವು ತಿರುಗುಮುರುಗಾದದ್ದೂ ಉಂಟು. ಅಡ್ಡಬರುವ ಗೆಳೆಯನು ಬೇಕು, ನಿಜ. ಅವನ ಬೆನ್ನಿಗೆ ಹಿರಿಯರೊಬ್ಬರಿರಬೇಕು. ಇಲ್ಲದಿದ್ದರೆ ನಾಳಿನ ಸರದಿ ಅವನದೇ.

ಇನ್ನು ಒಂದು ಮಗು ಬಂದು ದೂರು ಹೇಳಿದ ಗಳಿಗೆ. ಎಲ್ಲವೂ ಕೆಡುವುದು ಸಾಮಾನ್ಯವಾಗಿ ಇಲ್ಲಿಯೇ. ಉಪಾಧ್ಯಾಯರು ಒಳ್ಳೆಯವರಾಗಿದ್ದರಂತೂ ಇನ್ನೂ ಬೇಗ ಕೆಡುತ್ತದೆ. ಅವರು ತಕ್ಷಣ ಇಬ್ಬರನ್ನೂ ಎದುರಿಗೆ ನಿಲ್ಲಿಸುತ್ತಾರೆ. ನಡೆದುದನ್ನು ಹೇಳೆಂದು ದೂರು ತಂದವನಿಗೆ ಆಜ್ಞಾಪಿಸುತ್ತಾರೆ. ಅವನು ನೆಲ ನೋಡುತ್ತ 'ಏನಿಲ್ಲ ಸಾರ್' ಎನ್ನುತ್ತಾನೆ. ಇಬ್ಬರ ಕೈಯನ್ನೂ ಕೂಡಿಸಿ 'ಇನ್ನು ಮೇಲೆ ಗೆಳೆಯರಾಗಿರಿ' ಎಂದು ಹರಸಿ ಕಳಿಸುತ್ತಾರೆ. ಸಂಜೆ ಗೇಟಿನ ಹೊರಗೆ ಆ ಹರಕೆಗೆ ಬಡ್ಡಿ ಸೇರಿಸಿ ತೀರಿಸಲಾಗುತ್ತದೆ. ಅಲ್ಲಿಂದ ಮುಂದೆ ಆ ಮಗುವು ಬಾಯಿ ಬಿಡುವುದಿಲ್ಲ.

ಪಟ್ಟವನನ್ನು ಬೇರೆಯಾಗಿ, ಇತರರ ಕಣ್ಣಿಗೆ ಬೀಳದಂತೆ ಕರೆದು, ಅವಸರಪಡಿಸದೆ ಕೇಳಬೇಕು. ಎಂದು, ಎಲ್ಲಿ, ಯಾರಿದ್ದರು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. 'ನೀನೇನು ಮಾಡಿದೆ?' ಎಂಬುದು ಮೊದಲ ಪ್ರಶ್ನೆಯಾಗಕೂಡದು. ಕೊಟ್ಟವರು ಮೂವರಿದ್ದರೆ ಮೂವರನ್ನೂ ಒಟ್ಟಿಗೆ ಕರೆಯದೆ ಒಬ್ಬೊಬ್ಬನನ್ನಾಗಿ, ಒಬ್ಬನು ಹೊರಬಂದು ಇನ್ನೊಬ್ಬನಿಗೆ ಪಾಠ ಹೇಳಿಕೊಡುವ ಮುನ್ನ, ಕರೆದು ಮಾತನಾಡಿಸಬೇಕು. ಗದರಿಕೆ ಬೇಕಿಲ್ಲ, ಸಂದಿಗ್ಧವೂ ಬೇಡ: ಇದು ಗೊತ್ತಾಗಿದೆ, ಇದು ನಿಲ್ಲಬೇಕು, ನಿಂತಿತೇ ಎಂದು ಮುಂದಿನ ವಾರ ಇದೇ ದಿನ ಕೇಳಲಾಗುವುದು ಎಂದರೆ ಸಾಕು. ಮುಂದಿನ ವಾರ ಕೇಳಲೇಬೇಕು. ಪರೀಕ್ಷೆಯ ಗಡಿಬಿಡಿಯಲ್ಲಿ ಹೆಚ್ಚಿನವರು ಮರೆಯುವುದು ಈ ಎರಡನೆಯ ಕರೆಯನ್ನೇ.

ಚಾಡಿ ಹೇಳಬಾರದೆಂದು ಮಕ್ಕಳಿಗೆ ಒಂದನೆಯ ತರಗತಿಯಿಂದಲೇ ಕಲಿಸಲಾಗುತ್ತದೆ. ನೋಡಿದವರು ಬಾಯಿ ಮುಚ್ಚಿಕೊಂಡಿರುವುದಕ್ಕೆ ಈ ಪಾಠವೂ ಒಂದು ಕಾರಣ. ಇನ್ನೊಬ್ಬನನ್ನು ಸಿಕ್ಕಿಸುವುದಕ್ಕಾಗಿ ಹೇಳುವುದು ಚಾಡಿ. ಸಿಕ್ಕಿಕೊಂಡವನನ್ನು ಬಿಡಿಸುವುದಕ್ಕಾಗಿ ಹೇಳುವುದು ಚಾಡಿಯಲ್ಲ ಎಂದು ತರಗತಿಯಲ್ಲಿ ಬಿಡಿಸಿ ಹೇಳಿದರೆ ಮಕ್ಕಳಿಗೆ ಅರ್ಥವಾಗುತ್ತದೆ.

ಮನೆಯವರಿಗೆ ಸುಳಿವು ಸಿಗದೆ ಇರುವುದಿಲ್ಲ, ನೋಡುವ ಕಣ್ಣಿದ್ದರೆ. ಸೋಮವಾರ ಬೆಳಗಾದರೆ ಬರುವ ಹೊಟ್ಟೆನೋವು ಭಾನುವಾರ ಬರುವುದಿಲ್ಲ. ಪೆನ್ಸಿಲು, ಕಂಪಾಸು, ಕಾಸು ಮೇಲಿಂದ ಮೇಲೆ ಕಳೆದುಹೋಗುತ್ತವೆ. ಊಟದ ಡಬ್ಬಿ ಖಾಲಿಯಾಗಿ ಬಂದರೂ ಮಗು ಹಸಿದು ಬರುತ್ತದೆ. ಹತ್ತಿರದ ದಾರಿ ಬಿಟ್ಟು ಸುತ್ತಿನ ದಾರಿ ಹಿಡಿಯುತ್ತದೆ. ಶಾಲೆಯ ಕಕ್ಕಸಿಗೆ ಹೋಗಲು ಹೆದರಿ ದಿನವಿಡೀ ತಡೆದುಕೊಂಡು, ಮನೆಗೆ ಬಂದೊಡನೆ ಬಚ್ಚಲಿಗೆ ಓಡುತ್ತದೆ. ಈ ಒಂದೊಂದಕ್ಕೂ ಬೇರೆ ಕಾರಣವಿದ್ದೀತು. ಎರಡು ಮೂರು ಕೂಡಿದರೆ ಕೇಳಬೇಕು. ಕೇಳಿ ತಿಳಿದೊಡನೆ ಎದುರುಮನೆಯ ಬಾಗಿಲಿಗೆ ಜಗಳಕ್ಕೆ ಹೋಗುವುದು ಸಲ್ಲದು. ಮೊದಲು ಕಾಣಬೇಕಾದವರು ತರಗತಿಯ ಉಪಾಧ್ಯಾಯರು, ಆಮೇಲೆ ಮುಖ್ಯೋಪಾಧ್ಯಾಯರು. ಹೇಳಿದ್ದನ್ನು ಬರವಣಿಗೆಯಲ್ಲಿಯೂ ಕೊಡಬೇಕು. ಕೇಳುವವರೇ ಇಲ್ಲವೆನಿಸಿದರೆ ಮಕ್ಕಳ ಸಹಾಯವಾಣಿಯ 1098 ಎಂಬ ದೂರವಾಣಿಗೆ ಮಗುವೇ ಆಗಲಿ ಹಿರಿಯರೇ ಆಗಲಿ ಹಣ ತೆರದೆ ಕರೆಮಾಡಬಹುದು. ಈ ಕಾಲದಲ್ಲಿ ಮನೆಯ ಬಾಗಿಲು ಹಾಕಿಕೊಂಡರೂ ಕಾಟವು ಹೊರಗೆ ಉಳಿಯುವುದಿಲ್ಲ. ಮೊಬೈಲಿನಲ್ಲಿ, ವಾಟ್ಸಾಪಿನ ಗುಂಪಿನಲ್ಲಿ, ಅದು ಹಾಸಿಗೆಯವರೆಗೂ ಹಿಂಬಾಲಿಸುತ್ತದೆ. ಅಂಥ ಸಂದೇಶಗಳನ್ನು ಸಿಟ್ಟಿನಿಂದ ಅಳಿಸಿಹಾಕದೆ ಉಳಿಸಿಟ್ಟುಕೊಂಡರೆ ಶಾಲೆಯವರ ಮುಂದೆ ಇಡಲು ಪುರಾವೆಯಾದರೂ ಇರುತ್ತದೆ.

ಕಾನೂನಿನ ಮಾತನ್ನು ಸಂಕ್ಷೇಪವಾಗಿ ಮುಗಿಸಬಹುದು. ಭಾರತದಲ್ಲಿ ಈವರೆಗೆ ಹೆಚ್ಚು ಗದ್ದಲವಾದದ್ದು ಕಾಲೇಜುಗಳ ರ‍್ಯಾಗಿಂಗ್ ಕುರಿತು. ಸುಪ್ರೀಂ ಕೋರ್ಟು 2001ರಲ್ಲಿ ನಿರ್ದೇಶನ ಕೊಟ್ಟಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ನಿಯಮಗಳು 2009ರಲ್ಲಿ ಬಂದವು. 1983ರ ಕರ್ನಾಟಕ ಶಿಕ್ಷಣ ಕಾಯಿದೆಯಲ್ಲಿಯೂ ರ‍್ಯಾಗಿಂಗ್ ನಿಷೇಧವುಂಟು. 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಕೂಡದೆಂದು ವಿಧಿಸಿತು. ಕೇಂದ್ರ ಮಾಧ್ಯಮಿಕ ಶಿಕ್ಷಣ ಮಂಡಳಿಯು 2015ರಲ್ಲಿ ತನ್ನ ಶಾಲೆಗಳಲ್ಲಿ ಇಂಥ ಕಾಟವನ್ನು ತಡೆಯುವ ಸಮಿತಿಗಳಿರಬೇಕೆಂದು ತಿಳಿಸಿತು. ಸಮಿತಿಯು ನಾಮಫಲಕದ ಮೇಲಿದೆಯೇ ಅಂಗಳದಲ್ಲಿದೆಯೇ ಎಂಬುದನ್ನು ಆಯಾ ಶಾಲೆಯ ಮಕ್ಕಳನ್ನೇ ಕೇಳಬೇಕು.

ಕೇಳುವುದಕ್ಕೆ ಸುಲಭವಾದ ಒಂದು ಉಪಾಯವು ಅನೇಕ ದೇಶಗಳ ಶಾಲೆಗಳಲ್ಲಿ ಬಳಕೆಯಲ್ಲಿದೆ. ಶಾಲೆಯ ಕಟ್ಟಡ, ಬಯಲುಗಳ ಒಂದು ನಕ್ಷೆಯನ್ನು ಬರೆದು ಮಕ್ಕಳಿಗೆ ಕೊಡುತ್ತಾರೆ. ತಮಗೆ ಹೆದರಿಕೆಯಾಗುವ ಜಾಗದಲ್ಲಿ, ಹೆಸರು ಬರೆಯದೆ, ಒಂದು ಗೀಟು ಹಾಕಬೇಕೆನ್ನುತ್ತಾರೆ. ಕಾಗದಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಗೀಟುಗಳು ನಾಲ್ಕೈದು ಕಡೆ ಗುಂಪುಗೂಡಿರುತ್ತವೆ: ಕಕ್ಕಸಿನ ಹಿಂಬದಿ, ಮಹಡಿಯ ಮೆಟ್ಟಿಲ ತಿರುವು, ಬಸ್ಸಿನ ಹಿಂದಿನ ಆಸನ, ಕುಡಿಯುವ ನೀರಿನ ನಲ್ಲಿ. ಇದಕ್ಕೆ ಒಂದು ತಾಸು ಸಾಕು, ಒಂದು ಮಣೆ ಸೀಮೆಸುಣ್ಣಕ್ಕಿಂತ ಹೆಚ್ಚಿನ ಖರ್ಚೂ ಇಲ್ಲ. ಆಮೇಲೆ ಹತ್ತೂವರೆಯ ವಿರಾಮದಲ್ಲಿ ಉಪಾಧ್ಯಾಯರ ಕೊಠಡಿಯಲ್ಲಿ ಕುಳಿತು ಕುಡಿಯುವ ಚಹವನ್ನು, ಇಬ್ಬರು ಸರದಿಯ ಮೇಲೆ, ಆ ನಲ್ಲಿಯ ಬಳಿ ನಿಂತು ಕುಡಿದರಾಯಿತು.